ಚದುರಿದ ಗಮನವನ್ನು ಮರಳಿ ತರುವುದು ಹೇಗೆ? ಆರು ವಾರಗಳ ಅಭ್ಯಾಸಕ್ರಮ

"ಓದಲು ಕುಳಿತರೆ ಹತ್ತು ನಿಮಿಷವೂ ಮನಸ್ಸು ನಿಲ್ಲುವುದಿಲ್ಲ, ಏನು ಮಾಡಬೇಕು?" ಎಂಬ ಪ್ರಶ್ನೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಸಿಇಟಿ, ನೀಟ್‌ಗೆ ಓದುತ್ತಿರುವ ಮಕ್ಕಳು ಕೇಳುತ್ತಾರೆ, ಅವರ ತಂದೆತಾಯಿ ಕೇಳುತ್ತಾರೆ, ತೋಟದ ಬಟವಾಡೆ ಲೆಕ್ಕ ಬರೆಯುವಾಗ ಒಂದೇ ಪುಟವನ್ನು ಮೂರು ಸಲ ಕೂಡಿ ಮೂರು ಮೊತ್ತ ಪಡೆದವರೂ ಕೇಳುತ್ತಾರೆ. ಎಲ್ಲರಿಗೂ ಒಟ್ಟಾಗಿ ಉತ್ತರಿಸುವ ಸಲುವಾಗಿ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ. ಇದನ್ನು ಒಂದೇ ಬಾರಿ ಓದಿ ಬದಿಗಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಒಂದೊಂದು ಹಂತಕ್ಕೆ ಬಂದಾಗ ಆ ಭಾಗವನ್ನು ಮತ್ತೆ ತೆರೆದು ನೋಡಿಕೊಳ್ಳಿ.

ಗಮನ ಎಂದರೆ ಯಾವ ಕೆಲಸ

ಗಮನವು ಕೆಲವರಿಗೆ ಹುಟ್ಟಿನಿಂದ ದಕ್ಕಿದ, ಉಳಿದವರಿಗೆ ದಕ್ಕದ ಒಂದು ಶಕ್ತಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಮನೋವಿಜ್ಞಾನಿಗಳಾದ ಮೈಕೇಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ 1990ರಲ್ಲಿ ಮಂಡಿಸಿದ, ಈಗಲೂ ಬಳಕೆಯಲ್ಲಿರುವ ವಿವರಣೆಯಂತೆ, ಅದು ಮಿದುಳಿನ ಮೂರು ಬೇರೆ ಬೇರೆ ಕೆಲಸಗಳಿಗೆ ನಾವು ಕೊಟ್ಟಿರುವ ಒಂದೇ ಹೆಸರು. ಆ ಮೂರನ್ನು ಇಲ್ಲಿ ಎಚ್ಚರ, ಹೊರಳಿಕೆ ಮತ್ತು ಹತೋಟಿ ಎಂದು ಕರೆಯುತ್ತೇನೆ.

ಕುಯ್ಲಿನ ಕಾಲದಲ್ಲಿ ಅರೇಬಿಕಾ ಕಾಫಿ ಗಿಡದ ಮುಂದೆ ನಿಂತು ಹಣ್ಣು ಬಿಡಿಸುವವರನ್ನು ನೆನೆಸಿಕೊಳ್ಳಿ. ಬೆಳಗಿನ ಚಳಿಯಲ್ಲೂ ಮಂಕಾಗದೆ ಕೆಲಸಕ್ಕೆ ಸಿದ್ಧರಾಗಿರುವುದು ಎಚ್ಚರ. ಎಲೆಗಳ ಮರೆಯಲ್ಲಿರುವ ಹಣ್ಣಿನ ಕಡೆಗೆ ಕಣ್ಣನ್ನು ತಿರುಗಿಸುವುದು ಹೊರಳಿಕೆ. ಇಡೀ ಗೊಂಚಲನ್ನೇ ಎಳೆದುಬಿಡಲು ಹೊರಟ ಕೈಯನ್ನು ತಡೆದು, ಹಸಿರು ಕಾಯಿಯನ್ನು ಗಿಡದಲ್ಲೇ ಉಳಿಸಿ, ಹಣ್ಣನ್ನಷ್ಟೇ ಬಿಡಿಸುವುದು ಹತೋಟಿ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೂರ್ತಿ ಕೆಂಪಾದ ಹಣ್ಣು ಹಸಿರಿನ ನಡುವೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಆದರೆ ಅರೆಹಣ್ಣನ್ನು ನಾವೇ ಹುಡುಕಬೇಕಾಗುತ್ತದೆ. ಹೊರಗಿನ ವಸ್ತು ಸೆಳೆದುಕೊಳ್ಳುವ ಗಮನಕ್ಕೂ ನಾವಾಗಿ ಕೊಡುವ ಗಮನಕ್ಕೂ ಇರುವ ವ್ಯತ್ಯಾಸ ಅದು. ಮೊಬೈಲಿನ ಪರದೆಯ ಮೇಲೆ ಸಂದೇಶ ಬಂದಿದೆ ಎಂದು ತೋರಿಸುವ ಚುಕ್ಕೆಗೆ ಕೆಂಪು ಬಣ್ಣ ಬಳಿದವರು ಕಾಫಿ ತೋಟ ನೋಡಿರಲಿಕ್ಕಿಲ್ಲ, ಆದರೆ ಈ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು.

ಹತೋಟಿ ಎಂದರೇನೆಂದು ಎರಡೇ ನಿಮಿಷದಲ್ಲಿ ಅನುಭವಕ್ಕೆ ತಂದುಕೊಳ್ಳಬಹುದು. ಕೆಂಪು, ಹಸಿರು, ನೀಲಿ ಎಂಬ ಪದಗಳನ್ನು ಒಂದು ಹಾಳೆಯಲ್ಲಿ ಇಪ್ಪತ್ತು ಸಲ ಬರೆಯಿರಿ. ಆದರೆ ಕೆಂಪು ಎಂಬ ಪದವನ್ನು ನೀಲಿ ಶಾಯಿಯಲ್ಲಿ, ನೀಲಿ ಎಂಬುದನ್ನು ಹಸಿರು ಶಾಯಿಯಲ್ಲಿ, ಹೀಗೆ ಅದಲುಬದಲಾಗಿ ಬರೆಯಿರಿ. ಆಮೇಲೆ ಪದವನ್ನು ಓದದೆ, ಶಾಯಿಯ ಬಣ್ಣವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಾ ಹೋಗಿ. ನಾಲಿಗೆ ತಡವರಿಸುತ್ತದೆ. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ರೂಢಿಯಾದ ಪ್ರತಿಕ್ರಿಯೆಯನ್ನು ತಡೆದು ಬೇಕಾದದ್ದನ್ನು ಮುಂದೆ ತರುವ ಆ ಪ್ರಯಾಸವೇ ಹತೋಟಿ.

ಮನಸ್ಸು ಅಲೆದಾಡುವುದು ದೋಷವೇನಲ್ಲ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿದಾಗ, ಸುಮಾರು ಶೇ. 47ರಷ್ಟು ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹೀಗಿರುವಾಗ ಮನಸ್ಸು ಅಲುಗಾಡಲೇಬಾರದು ಎಂಬ ಗುರಿ ಇಟ್ಟುಕೊಂಡವರು ಮೊದಲ ವಾರದಲ್ಲೇ ಸೋಲುತ್ತಾರೆ. ಅಲೆಯುತ್ತಿರುವ ಗಮನವನ್ನು ಮತ್ತೆ ಮತ್ತೆ ಇಚ್ಛಾಪೂರ್ವಕವಾಗಿ ಮರಳಿ ತರುವ ಸಾಮರ್ಥ್ಯವೇ ವಿವೇಕಕ್ಕೂ ಸಂಕಲ್ಪಕ್ಕೂ ಬೇರು ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. ಈ ಅಭ್ಯಾಸಕ್ರಮವೂ ಅದನ್ನೇ ನೆಚ್ಚಿಕೊಂಡಿದೆ: ಎಷ್ಟು ಹೊತ್ತು ನಿಂತಿತು ಎನ್ನುವುದಕ್ಕಿಂತ, ಹೋದದ್ದು ಎಷ್ಟು ಬೇಗ ತಿಳಿಯಿತು, ಎಷ್ಟು ಸಲೀಸಾಗಿ ಹಿಂದಕ್ಕೆ ಬಂದಿತು ಎಂಬುದನ್ನು ನಾವು ಗಮನಿಸುತ್ತೇವೆ.

ಶುರುಮಾಡುವ ಮುನ್ನ

ಬೇಕಾಗುವುದು ಇಷ್ಟೇ: ಒಂದು ನೂರು ಪುಟದ ನೋಟ್‌ಬುಕ್, ಪೆನ್ನು, ಫೋನಿನಲ್ಲಿರದ ಒಂದು ಅಲಾರಂ ಗಡಿಯಾರ, ಮತ್ತು ದಿನಕ್ಕೆ ಸುಮಾರು ಒಂದು ಗಂಟೆ. ಅಲಾರಂ ಫೋನಿನಲ್ಲೇ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅಲಾರಂ ನಿಲ್ಲಿಸಲು ಫೋನ್ ಕೈಗೆತ್ತಿಕೊಂಡವರು ಅರ್ಧ ಗಂಟೆಯ ನಂತರ ಅದನ್ನು ಕೆಳಗಿಟ್ಟಿರುವುದನ್ನು ನಾನು ಕಂಡಿದ್ದೇನೆ. ಸಂತೆಯಲ್ಲಿ ಸಿಗುವ ಅಗ್ಗದ ಗಡಿಯಾರ ಸಾಕು.

ನಿದ್ದೆ ಕೆಟ್ಟವರಿಗೆ ಮುಂದಿನ ಯಾವ ಹಂತವೂ ಕೈಹಿಡಿಯುವುದಿಲ್ಲ, ಏಕೆಂದರೆ ಮೊದಲು ಕುಸಿಯುವುದೇ ಎಚ್ಚರ. ಮಲೆನಾಡಿನವರಿಗೆ ಇಲ್ಲಿ ಒಂದು ಅಪ್ರಿಯ ಮಾತು ಹೇಳಲೇಬೇಕು. ದಿನವಿಡೀ ಮಿದುಳಿನಲ್ಲಿ ಸೇರುತ್ತಾ ನಿದ್ದೆಯ ಒತ್ತಡವನ್ನು ಹೆಚ್ಚಿಸುವ ಅಡೆನೊಸಿನ್ ಎಂಬ ರಾಸಾಯನಿಕದ ಕೆಲಸವನ್ನು ಕಾಫಿಯ ಕೆಫೀನ್ ತಡೆಯುತ್ತದೆ. ದಣಿವು ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಸೇವಿಸಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ವಯಸ್ಕರಲ್ಲಿ ಸುಮಾರು ಐದು ಗಂಟೆ ಬೇಕು, ಇದು ವ್ಯಕ್ತಿಯಿಂದ ವ್ಯಕ್ತಿಗೆ ಸಾಕಷ್ಟು ಬದಲಾಗುತ್ತದೆ. ಸಂಜೆ ಆರು ಗಂಟೆಗೆ ಕುಡಿದ ಗಟ್ಟಿ ಕಾಫಿಯ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಈ ಆರು ವಾರಗಳ ಮಟ್ಟಿಗೆ ಮಧ್ಯಾಹ್ನ ಎರಡರ ನಂತರದ ಕಾಫಿಯನ್ನು ಬಿಟ್ಟು ನೋಡಿ. ಬೆಳಗಿನದನ್ನು ಬಿಡುವ ಅಗತ್ಯವಿಲ್ಲ.

1. ಮೊದಲ ಮೂರು ದಿನ: ಗೀಟು ಹಾಕುವುದು

ನೀವು ನಿಜವಾಗಿ ಓದಬೇಕಾದ ಪುಸ್ತಕವನ್ನೇ ತೆಗೆದುಕೊಳ್ಳಿ. ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು ಓದಲು ತೊಡಗಿ, ಮನಸ್ಸು ಬೇರೆಡೆಗೆ ಹೋಗಿದೆ ಎಂದು ತಿಳಿದ ಪ್ರತಿಸಲವೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು ಓದಿಗೆ ಮರಳಿ. ಗೀಟಿನ ಪಕ್ಕದಲ್ಲಿ ಒಂದೇ ಅಕ್ಷರ ಬರೆಯಿರಿ: ಸೆಳೆದದ್ದು ಶಬ್ದ, ಫೋನು, ಮನೆಯವರ ಮಾತು ಮುಂತಾದ ಹೊರಗಿನದಾಗಿದ್ದರೆ 'ಹೊ', ಚಿಂತೆ, ನೆನಪು, ಹಸಿವು, ಬೇಸರ ಮುಂತಾದ ಒಳಗಿನದಾಗಿದ್ದರೆ 'ಒ'. ಅಲಾರಂ ಆದ ಮೇಲೆ ಪುಸ್ತಕ ಮುಚ್ಚಿ, ಓದಿದ್ದರ ಸಾರವನ್ನು ಮೂರು ವಾಕ್ಯಗಳಲ್ಲಿ ಬರೆಯಿರಿ.

ಮೂರು ದಿನಗಳ ಹಾಳೆಯನ್ನು ಎದುರಿಗಿಟ್ಟುಕೊಂಡರೆ ನಿಮ್ಮ ತೊಂದರೆ ಯಾವ ಬಗೆಯದೆಂದು ತಿಳಿಯುತ್ತದೆ. 'ಹೊ' ಹೆಚ್ಚಿದ್ದವರು ಜಾಗವನ್ನೂ ಹೊತ್ತನ್ನೂ ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ. 'ಒ' ಹೆಚ್ಚಿದ್ದವರು ಎಷ್ಟೇ ನಿಶ್ಶಬ್ದವಾದ ಕೋಣೆ ಹುಡುಕಿದರೂ ಫಲ ಕಡಿಮೆ. ಅವರಿಗೆ ಎರಡನೆಯ ಮತ್ತು ಐದನೆಯ ಹಂತಗಳು ಮುಖ್ಯ. ಗೀಟು ಬಹಳ ಕಡಿಮೆಯಿದ್ದು ಮೂರು ವಾಕ್ಯ ಬರೆಯಲು ಮಾತ್ರ ಸಾಧ್ಯವಾಗದವರು ಅತ್ಯಂತ ಎಚ್ಚರಿಕೆಯಿಂದಿರಬೇಕು, ಏಕೆಂದರೆ ಮನಸ್ಸು ಹೋದದ್ದೇ ಅವರಿಗೆ ತಿಳಿಯುತ್ತಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಗೀಟುಗಳನ್ನು ತಪ್ಪುಗಳೆಂದು ತಿಳಿದು ಕಡಿಮೆ ಹಾಕತೊಡಗುತ್ತಾರೆ. ಅಭ್ಯಾಸದ ಮೊದಲ ವಾರಗಳಲ್ಲಿ ಗೀಟುಗಳ ಸಂಖ್ಯೆ ಏರುವುದು ಒಳ್ಳೆಯ ಲಕ್ಷಣ. ಹಿಂದೆ ತಿಳಿಯದೇ ಹೋಗುತ್ತಿದ್ದದ್ದು ಈಗ ತಿಳಿಯುತ್ತಿದೆ ಎಂದು ಅದರ ಅರ್ಥ. ಮಕ್ಕಳ ನೋಟ್‌ಬುಕ್ಕನ್ನು ತಂದೆತಾಯಿ ನೋಡಬಾರದು. ಯಾರಾದರೂ ನೋಡುತ್ತಾರೆ ಎಂದ ಮೇಲೆ ಗೀಟು ಸುಳ್ಳಾಗುತ್ತದೆ.

2. ಒಂದನೆಯ ವಾರ: ಉಸಿರಿನ ಎಣಿಕೆ

ಬೆನ್ನು ನೆಟ್ಟಗಿಟ್ಟು ಕುರ್ಚಿಯ ಮೇಲೋ ನೆಲದ ಮೇಲೋ ಕುಳಿತು, ಉಸಿರು ಹೊರಬಿಡುವಾಗ ಒಂದು, ಮತ್ತೆ ಬಿಡುವಾಗ ಎರಡು ಎಂದು ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಆರಂಭಿಸಿ. ಎಣಿಕೆ ತಪ್ಪಿದರೆ, ಅಥವಾ ಹತ್ತು ದಾಟಿ ಹದಿಮೂರಕ್ಕೆ ಹೋಗಿರುವುದು ಗೊತ್ತಾದರೆ, ಬೇಸರವಿಲ್ಲದೆ ಒಂದಕ್ಕೆ ಬನ್ನಿ. ಮೊದಲ ಮೂರು ದಿನ ಐದು ನಿಮಿಷ, ಆಮೇಲೆ ಹತ್ತು. ಉಸಿರನ್ನು ಬೇಕೆಂದೇ ದೀರ್ಘ ಮಾಡಬೇಡಿ, ಹಿಡಿದಿಡಬೇಡಿ, ಇದು ಪ್ರಾಣಾಯಾಮವಲ್ಲ. ಊಟವಾದ ಕೂಡಲೇ ಕುಳಿತರೆ ನಿದ್ದೆ ಬರುತ್ತದೆ, ಅದನ್ನು ಶಾಂತಿ ಎಂದು ತಿಳಿದು ಸಂತೋಷಪಡುವವರೂ ಇದ್ದಾರೆ. ತೀವ್ರ ಗಾಬರಿಯ ತೊಂದರೆಯಿದ್ದು ಉಸಿರಿನ ಮೇಲೆ ಗಮನವಿಟ್ಟಾಗ ಅದು ಹೆಚ್ಚುವುದಾದರೆ ಈ ಹಂತವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಉಳಿದವರು ಇದನ್ನು ಆರೂ ವಾರ ಮುಂದುವರಿಸಿ.

3. ಎರಡನೆಯ ವಾರ: ನೋಡುವ ಅಭ್ಯಾಸ

ಕಣ್ಣು ತೆರೆದಿದ್ದ ಮಾತ್ರಕ್ಕೆ ನೋಡಿದಂತಾಗುವುದಿಲ್ಲ. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ 1999ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಚೆಂಡು ಎಷ್ಟು ಸಲ ಕೈಬದಲಾಯಿತು ಎಂದು ಎಣಿಸುತ್ತಿದ್ದ ವೀಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಆಟಗಾರರ ನಡುವೆ ಗೊರಿಲ್ಲಾ ವೇಷ ಹಾಕಿಕೊಂಡು ಹಾದುಹೋದ ವ್ಯಕ್ತಿ ಕಾಣಿಸಲೇ ಇಲ್ಲ. ಗಮನ ಕೊಡದಿದ್ದದ್ದು ಕಣ್ಣ ಮುಂದಿದ್ದರೂ ಇಲ್ಲದಂತೆಯೇ.

ಈ ಅಭ್ಯಾಸಕ್ಕೆ ನಮ್ಮ ಎರಡು ಜಿಲ್ಲೆಯವರಷ್ಟು ಅನುಕೂಲ ಇನ್ನಾರಿಗೂ ಇಲ್ಲ. ಬಿಡುವಿನ ದಿನ ಬೇಲೂರಿಗೆ ಹೋಗಿ, 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದ ಸೂರಿನಡಿಯ ಮದನಿಕೆಯರಲ್ಲಿ ಒಬ್ಬಳನ್ನು ಮಾತ್ರ ಆರಿಸಿಕೊಳ್ಳಿ. ಒಟ್ಟು ನಲವತ್ತೆರಡು ಮದನಿಕೆಯರಿದ್ದಾರೆ. ಎಲ್ಲರನ್ನೂ ನೋಡಿ ಮುಗಿಸುವ ಅವಸರವೇ ಇಲ್ಲಿನ ಮೊದಲ ಅಪಾಯ. ಐದು ನಿಮಿಷ ಫೋಟೊ ತೆಗೆಯದೆ ನೋಡಿ. ಆಮೇಲೆ ಬೆನ್ನು ತಿರುಗಿಸಿ ಕುಳಿತು, ಪಾದದಿಂದ ಆರಂಭಿಸಿ ಮೇಲಿನವರೆಗೆ ನೆನಪಿರುವುದನ್ನೆಲ್ಲ ಬರೆಯಿರಿ: ಭಾರ ಯಾವ ಕಾಲಿನ ಮೇಲಿದೆ, ಕೈಯಲ್ಲಿ ಏನಿದೆ, ಪಕ್ಕದಲ್ಲಿ ಎಷ್ಟು ಸಣ್ಣ ಆಕೃತಿಗಳಿವೆ, ತಲೆಯ ಮೇಲಿನ ಬಳ್ಳಿ ಎತ್ತ ಬಾಗಿದೆ. ಮತ್ತೆ ತಿರುಗಿ ನೋಡಿ ತಪ್ಪಿದ್ದನ್ನು ಗುರುತಿಸಿ. ಎರಡನೆಯ ನೋಟದಲ್ಲಿ ಕಣ್ಣು ತಾನಾಗಿ ಅಲೆಯುವುದಿಲ್ಲ, ಪ್ರಶ್ನೆಯೊಂದನ್ನು ಹಿಡಿದುಕೊಂಡು ಹೋಗುತ್ತದೆ. ಆ ಬದಲಾವಣೆಯನ್ನು ಅನುಭವಿಸುವುದಕ್ಕಾಗಿಯೇ ಈ ಹಂತವಿದೆ.

ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ ಅಭ್ಯಾಸ ಇನ್ನಷ್ಟು ಕಠಿಣವಾಗುತ್ತದೆ. ಹೊಯ್ಸಳೇಶ್ವರ ದೇವಾಲಯದ ಅಡಿಪಟ್ಟಿಕೆಗಳಲ್ಲಿ, ಅಂದರೆ ಗೋಡೆಯ ಬುಡದ ಕೆತ್ತನೆಯ ಸಾಲುಗಳಲ್ಲಿ, ಎಲ್ಲಕ್ಕಿಂತ ಕೆಳಗಿನದು ಆನೆಗಳ ಸಾಲು. ಒಂದು ಆನೆಯಂತೆ ಇನ್ನೊಂದಿಲ್ಲ ಎಂದು ಅಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಅದನ್ನು ಕೇಳಿ ತಲೆದೂಗಿ ಮುಂದೆ ಹೋಗುವ ಬದಲು, ಪಕ್ಕಪಕ್ಕದ ಎರಡು ಆನೆಗಳ ಮುಂದೆ ಕುಳಿತು ಐದು ವ್ಯತ್ಯಾಸಗಳನ್ನು ಹುಡುಕಿ. ಮೊದಲ ಎರಡು ಬೇಗ ಸಿಗುತ್ತವೆ, ಮೂರನೆಯದಕ್ಕೆ ಬೇಸರ ಬರುತ್ತದೆ, ಎದ್ದು ಹೋಗಬೇಕೆನಿಸುತ್ತದೆ. ಓದುವಾಗ ಪುಸ್ತಕ ಮುಚ್ಚಿಸುವುದೂ ಇದೇ ಬೇಸರ. ಅದು ಬಂದಿದೆ ಎಂದು ಗುರುತಿಸಿ ಇನ್ನೆರಡು ನಿಮಿಷ ಕುಳಿತರೆ ನಾಲ್ಕನೆಯದು ಕಾಣುತ್ತದೆ.

ಪ್ರತಿದಿನ ದೇವಾಲಯಕ್ಕೆ ಹೋಗಲಾಗದು. ಮಿಕ್ಕ ದಿನಗಳಲ್ಲಿ ಅಂಗಳದ ಎರಡು ಮೆಣಸಿನ ಎಲೆಗಳನ್ನೋ ಒಂದು ಹಳೆಯ ಬೀಗವನ್ನೋ ಇದೇ ಕ್ರಮದಲ್ಲಿ ಹತ್ತು ನಿಮಿಷ ನೋಡಿ ಬರೆಯಿರಿ.

4. ಮೂರನೆಯ ವಾರ: ಕೇಳುವ ಅಭ್ಯಾಸ

ಬೆಳಗಿನ ಹೊತ್ತು ಜಗಲಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಕಿವಿಗೆ ಬೀಳುವ ಶಬ್ದಗಳಲ್ಲಿ ಒಂದನ್ನು ಆರಿಸಿ ಎರಡು ನಿಮಿಷ ಅದನ್ನೇ ಹಿಂಬಾಲಿಸಿ. ತೋಟದಲ್ಲಿರುವವರಿಗೆ ಕುಟ್ರುಹಕ್ಕಿಯ ಬಿಡದ ಕೂಗು ಸಿಗುತ್ತದೆ, ಪೇಟೆಯವರಿಗೆ ಪಕ್ಕದ ಮನೆಯ ಕುಕ್ಕರ್ ಆದರೂ ಆದೀತು. ಬಳಿಕ ಬೇಕೆಂದೇ ಇನ್ನೊಂದು ಶಬ್ದಕ್ಕೆ ಹೊರಳಿ, ಮೊದಲಿನದು ಹಿಂದೆ ಸರಿಯುವುದನ್ನು ಗಮನಿಸಿ. ಹೀಗೆ ಐದು ಸಲ. ಕಾಲಿನ್ ಚೆರ್ರಿ 1953ರಲ್ಲಿ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಹಿಂಬಾಲಿಸುವಂತೆ ಹೇಳಿದಾಗ, ಇನ್ನೊಂದು ಕಿವಿಯಲ್ಲಿ ಏನು ಹೇಳಲಾಯಿತೆಂದು ಕೇಳುಗರಿಗೆ ಹೆಚ್ಚುಕಡಿಮೆ ಏನೂ ತಿಳಿದಿರಲಿಲ್ಲ. ಪಾಠ ಕೇಳುತ್ತಲೇ ಸಂದೇಶ ಓದಬಲ್ಲೆ ಎನ್ನುವವರು ಇದನ್ನು ನೆನಪಿಡಬೇಕು. ಈ ಅಭ್ಯಾಸವನ್ನು ವಾಹನ ಓಡಿಸುವಾಗ ಎಂದಿಗೂ ಮಾಡಬೇಡಿ. ಚಾರ್ಮಾಡಿಯ ಮಂಜಿನಲ್ಲಿ, ಶಿರಾಡಿಯ ತಿರುವಿನಲ್ಲಿ ಗಮನ ಇರಬೇಕಾದದ್ದು ರಸ್ತೆಯ ಮೇಲೆ; ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಮಾತು ಗಮನವನ್ನು ಕೊಂಡೊಯ್ಯುತ್ತದೆ.

5. ನಾಲ್ಕನೆಯ ವಾರ: ಹೊತ್ತು ಕಟ್ಟಿಕೊಂಡು ಓದುವುದು

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆ ನೋಡುತ್ತ ಕೂರುವವರಿಗೆ ಗುರುತುಗಳು ತಪ್ಪಿಹೋಗುತ್ತಿದ್ದದ್ದೇಕೆ ಎಂದು ಪರೀಕ್ಷಿಸಿದ ನಾರ್ಮನ್ ಮ್ಯಾಕ್‌ವರ್ತ್, ಏಕತಾನದ ಕಾವಲಿನಲ್ಲಿ ಮೊದಲ ಅರ್ಧ ಗಂಟೆಯ ಬಳಿಕ ತಪ್ಪುಗಳು ಹೆಚ್ಚುತ್ತವೆಂದು 1948ರಲ್ಲಿ ತೋರಿಸಿದರು. ಓದು ಕಾವಲಿನಷ್ಟು ಏಕತಾನವಲ್ಲ, ಆದರೂ ಮೂರು ಗಂಟೆ ಎದ್ದೇಳದೆ ಓದಿದೆ ಎಂಬ ಹೆಮ್ಮೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಇಪ್ಪತ್ತು ನಿಮಿಷದಿಂದ ಆರಂಭಿಸಿ, ಎರಡು ದಿನಕ್ಕೊಮ್ಮೆ ಐದು ನಿಮಿಷ ಏರಿಸುತ್ತ ನಲವತ್ತಕ್ಕೆ ನಿಲ್ಲಿಸಿ.

ಫೋನು ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ 'ಆಮೇಲೆ' ಎಂದು ತಲೆಬರಹ ಬರೆದ ಒಂದು ಹಾಳೆ ಇರಲಿ. ಗ್ಯಾಸ್ ಬುಕ್ ಮಾಡಬೇಕು, ಯಾರಿಗೋ ಉತ್ತರಿಸಬೇಕು ಎಂದು ಒಳಗಿನಿಂದ ಏಳುವ ಪ್ರತಿಯೊಂದು ಯೋಚನೆಯನ್ನೂ ಎರಡು ಪದಗಳಲ್ಲಿ ಅದರ ಮೇಲೆ ಬರೆದು ಓದಿಗೆ ಮರಳಿ. ಹೊತ್ತು ಮುಗಿದಾಗ ಪುಸ್ತಕ ಮುಚ್ಚಿ, ನೆನಪಿನಿಂದ ನಾಲ್ಕೈದು ವಾಕ್ಯ ಬರೆಯಿರಿ. ಏಳುವ ಮುನ್ನ, ಎಲ್ಲಿಗೆ ನಿಂತಿದೆ, ಮುಂದೆ ಮಾಡಬೇಕಾದದ್ದೇನು ಎಂಬ ಒಂದು ಸಾಲು ಬರೆಯಲು ಮರೆಯಬೇಡಿ. ಮುಗಿಯದ ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ. ಸೋಫಿ ಲೆರಾಯ್ 2009ರಲ್ಲಿ ಇದನ್ನು ಗಮನದ ಶೇಷ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಆ ಒಂದು ಸಾಲು ಶೇಷವನ್ನು ಕಾಗದಕ್ಕೆ ಇಳಿಸುವ ಉಪಾಯ.

ಬಿಡುವಿನಲ್ಲಿ ಫೋನ್ ನೋಡಿದರೆ ಅದು ಬಿಡುವಾಗುವುದಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೇಟೆಯ ಬೀದಿಯಲ್ಲಿ ನಡೆದವರಿಗಿಂತ ಮರಗಳ ನಡುವೆ ನಡೆದವರು ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದರು. ಹಾಸನದವರಿಗೆ ಮಹಾರಾಜ ಪಾರ್ಕ್, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇವೆ. ತೋಟದವರಿಗೆ ಹೇಳಬೇಕಾದದ್ದೇ ಇಲ್ಲ.

6. ಐದು ಮತ್ತು ಆರನೆಯ ವಾರ: ಅಪ್ರಸ್ತುತ ಪ್ರಸಂಗಿಯನ್ನು ಕರೆಯುವುದು

ನಮ್ಮಲ್ಲಿ ಗಮನಕ್ಕೆ ಅವಧಾನ ಎಂಬ ಹೆಸರೂ ಇದೆ, ಅದೇ ಹೆಸರಿನ ಕಲೆಯೂ ಇದೆ. ಅಷ್ಟಾವಧಾನದಲ್ಲಿ ಪೃಚ್ಛಕರೆಂಬ ಎಂಟು ಮಂದಿ ಸುತ್ತ ಕುಳಿತು ಬೇರೆ ಬೇರೆ ಸವಾಲೊಡ್ಡುತ್ತಾರೆ: ಒಬ್ಬರು ಮುಂದಿನ ಅಕ್ಷರವನ್ನು ನಿಷೇಧಿಸುತ್ತಾರೆ, ಒಬ್ಬರು ಕೊಟ್ಟ ಪದಗಳನ್ನು ಪದ್ಯದಲ್ಲಿ ಸೇರಿಸಲು ಕೇಳುತ್ತಾರೆ, ಒಬ್ಬರು ಸಂಖ್ಯೆಗಳ ಚೌಕವನ್ನು ತುಂಬಿಸುತ್ತಾರೆ. ಅವಧಾನಿಯು ಸುತ್ತಿಗೊಂದೊಂದು ಸಾಲಿನಂತೆ ಪದ್ಯಗಳನ್ನು ಕಟ್ಟುತ್ತ, ಬರೆದುಕೊಳ್ಳದೆ, ಕೊನೆಗೆ ಎಲ್ಲವನ್ನೂ ಧಾರಣೆಯಿಂದ, ಅಂದರೆ ನೆನಪಿನಿಂದಲೇ, ಒಪ್ಪಿಸಬೇಕು. ಇವರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬೊಬ್ಬರು ಯಾವ ಕ್ಷಣದಲ್ಲಾದರೂ ಸಂಬಂಧವಿಲ್ಲದ ತಮಾಷೆಯ ಪ್ರಶ್ನೆ ಎಸೆಯುತ್ತಾರೆ. ಅವಧಾನಿ ಅವರನ್ನು ಗದರಿಸುವುದಿಲ್ಲ. ಚುಟುಕಾಗಿ ಉತ್ತರಿಸಿ, ಸಭೆಯನ್ನು ನಗಿಸಿ, ನಿಂತ ಅಕ್ಷರದಿಂದಲೇ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಶತಾವಧಾನಿ ರಾ. ಗಣೇಶರ ಅವಧಾನವನ್ನು ಕಂಡವರಿಗೆ ಈ ಮರಳುವಿಕೆಯ ಸೊಗಸು ತಿಳಿದಿರುತ್ತದೆ. ಅವಧಾನಿಯ ಪಾಂಡಿತ್ಯ ನಮಗೆ ಬರಲಾರದು, ಆದರೆ ನಿಂತ ಅಕ್ಷರವನ್ನು ಹಿಡಿದುಕೊಳ್ಳುವ ಕ್ರಮವನ್ನು ಕಲಿಯಬಹುದು.

ಮನೆಯ ಒಬ್ಬರಿಗೆ, ನಲವತ್ತು ನಿಮಿಷದಲ್ಲಿ ನಾಲ್ಕು ಸಲ ತಮಗೆ ತೋಚಿದಾಗ ಬಂದು ಏನಾದರೂ ಕೇಳಲು ಹೇಳಿ. ಕರೆ ಬಂದ ಕೂಡಲೇ ತಲೆಯೆತ್ತಬೇಡಿ. ಮೊದಲು ಓದುತ್ತಿದ್ದ ಪದದ ಮೇಲೆ ಬೆರಳಿಡಿ ಅಥವಾ ಪೆನ್ಸಿಲ್ ಚುಕ್ಕೆ ಇಡಿ, ಆ ವಾಕ್ಯ ಏನು ಹೇಳುತ್ತಿತ್ತು ಎಂದು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳಿ, ಆಮೇಲೆ ತಲೆಯೆತ್ತಿ ಉತ್ತರಿಸಿ. ಮರಳಿದಾಗ ಪುಟದ ಮೇಲಿನಿಂದ ಓದದೆ ಅದೇ ಪದದಿಂದ ಮುಂದುವರಿಯಿರಿ. ಮೊದಲ ದಿನ ಸಿಟ್ಟು ಬರುತ್ತದೆ, ಅದೂ ಅಭ್ಯಾಸದ ಭಾಗ. ವಾರದ ಕೊನೆಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಒಂದು ಅಧ್ಯಾಯ ಓದಿ ನೋಡಿ. ಐದು ಹಂತಗಳನ್ನು ಬಿಟ್ಟು ನೇರವಾಗಿ ಇದಕ್ಕೆ ಬರುವುದು ಮಾತ್ರ ಬೇಡ.

ಆ್ಯಪ್‌ಗಳ ಬಗ್ಗೆ

ಮಿದುಳಿಗೆ ವ್ಯಾಯಾಮ ಎಂದು ಮಾರುವ ಮೊಬೈಲ್ ಆಟಗಳ ಬಗ್ಗೆ ಪೋಷಕರು ಬಹಳವಾಗಿ ವಿಚಾರಿಸುತ್ತಾರೆ. ಲಭ್ಯವಿದ್ದ ಅಧ್ಯಯನಗಳನ್ನು ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು 2016ರಲ್ಲಿ ಪರಾಮರ್ಶಿಸಿದಾಗ, ಅಂತಹ ಆಟ ಆಡಿದವರು ಆ ಆಟದಲ್ಲಿ ನುರಿತರೂ, ದಿನಬಳಕೆಯ ಬುದ್ಧಿಯ ಕೆಲಸಗಳು ಸುಧಾರಿಸುತ್ತವೆ ಎಂಬುದಕ್ಕೆ ದೊರೆತ ಆಧಾರ ಅತ್ಯಲ್ಪವಾಗಿತ್ತು. ಈ ಎಚ್ಚರಿಕೆ ನಾನು ಹೇಳಿದ ಅಭ್ಯಾಸಗಳಿಗೂ ಅನ್ವಯಿಸುತ್ತದೆ. ಆನೆಗಳ ವ್ಯತ್ಯಾಸ ಹುಡುಕಿದ ಮಾತ್ರಕ್ಕೆ ರಸಾಯನಶಾಸ್ತ್ರ ಬರುವುದಿಲ್ಲ. ಆದ್ದರಿಂದಲೇ ಒಂದು, ಐದು ಮತ್ತು ಆರನೆಯ ಹಂತಗಳಲ್ಲಿ ನಿಮಗೆ ಬೇಕಾದ ಪುಸ್ತಕವನ್ನೇ, ನಿಮ್ಮದೇ ಲೆಕ್ಕವನ್ನೇ ಇಟ್ಟುಕೊಳ್ಳಿ.

ಆರನೆಯ ವಾರದ ಕೊನೆಯಲ್ಲಿ

ಮೊದಲ ಹಂತದ ಹದಿನೈದು ನಿಮಿಷದ ಓದನ್ನು ಮೂರು ದಿನ ಮತ್ತೆ ಮಾಡಿ, ಗೀಟುಗಳಿಗಿಂತ ಹೆಚ್ಚಾಗಿ ಆ ಮೂರು ವಾಕ್ಯಗಳನ್ನು ಹಳೆಯವುಗಳೊಂದಿಗೆ ಹೋಲಿಸಿ. ವಾಕ್ಯಗಳು ಸ್ಪಷ್ಟವಾಗಿದ್ದರೆ ಗೀಟುಗಳು ಎಷ್ಟಿದ್ದರೂ ಚಿಂತೆಯಿಲ್ಲ.

ಏನೂ ಬದಲಾಗದಿದ್ದರೆ ನಿಮ್ಮನ್ನು ನೀವು ಸೋಮಾರಿ ಎಂದುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಕಣ್ಣಿನ ದೋಷ, ಖಿನ್ನತೆ ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ಚಿಕ್ಕಂದಿನಿಂದಲೂ, ಅಂದರೆ ಹನ್ನೆರಡು ವರ್ಷಕ್ಕೆ ಮುಂಚಿನಿಂದಲೂ, ಮನೆಯಲ್ಲೂ ಶಾಲೆಯಲ್ಲೂ ಇದೇ ತೊಂದರೆಯಿದ್ದರೆ ಅದು ಎಡಿಎಚ್‌ಡಿ, ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ, ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಅದನ್ನು ನಿರ್ಧರಿಸಬೇಕಾದವರು ಮನೋವೈದ್ಯರು, ಇಂಟರ್‌ನೆಟ್ಟಿನ ಪ್ರಶ್ನಾವಳಿಯಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಬಹುದು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿಗೆ ಹೋಗುವಾಗ ಗೀಟಿನ ನೋಟ್‌ಬುಕ್ಕನ್ನೂ ಕೊಂಡೊಯ್ಯಿರಿ. "ಯಾವಾಗಿನಿಂದ, ಎಷ್ಟು ಸಲ, ಯಾವ ಹೊತ್ತಿನಲ್ಲಿ" ಎಂದು ಅವರು ಕೇಳುವ ಪ್ರಶ್ನೆಗಳಿಗೆ ಬೇಕಾದ ಉತ್ತರದ ಬಹುಪಾಲು ಅದರಲ್ಲಿರುತ್ತದೆ.